ಕಾಗದಕ್ಕೆ ಮಾತ್ರ ಬರುವ ಪುಟ

ಪುಸ್ತಕದ ಕಟ್ಟು ಬಿಚ್ಚಿದ್ದು ಹಾಶಿಮ್ ಭಾಯ್. ಶಿವಾಜಿನಗರದ ಅವರ ಬೈಂಡಿಂಗ್ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು. ಮೇಲಿನ ಪ್ರತಿಯನ್ನು ಎತ್ತಿ ಶಾಂತಕುಮಾರಿಯಕ್ಕನ ಕೈಗೆ ಕೊಟ್ಟು, ಬೆರಳಿಗಂಟಿದ ಗೋಂದನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಅವರು ನಕ್ಕರು.

“ಮುಬಾರಕ್ ಅಕ್ಕಾ. ಇಷ್ಟು ವರ್ಷದಿಂದ ಬರ್ತಾ ಇದ್ದೀರ, ನೀವು ಬುಕ್ ಬರೀತೀರ ಅಂತ ಒಂದು ಮಾತು ಹೇಳಿಲ್ವಲ್ಲ!”

“ಯಾರು ಬರೆದ್ರು ಭಾಯ್?”

“ಇನ್ಯಾರು? ಒಳಗೆ ನೋಡಿ, ದೊಡ್ಡದಾಗಿ ಬಂದಿದೆ.”

ಅಕ್ಕ ಪುಸ್ತಕ ತೆರೆದರು. ಮೊದಲ ಹಾಳೆಯ ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘ರೊಟ್ಟಿ ಯಂತ್ರ: ನಡೆಸುವವರ ಕೈಪಿಡಿ’. ಅದರ ಕೆಳಗೊಂದು ಕಪ್ಪು ಗೆರೆ. ಗೆರೆಯ ಕೆಳಗೆ ಬಲಕ್ಕೆ ಸರಿದು ‘ಮಹಿಳಾ ಸಂಘಗಳ ಬಳಕೆಗೆ’. ಅಲ್ಲಿಂದ ಕೆಳಗೆ ಬರಿಯ ಬಿಳುಪು. ಪುಟದ ಬುಡದಲ್ಲಿ, ತೆಳುವಾದ ಇನ್ನೊಂದು ಗೆರೆಯ ಮೇಲೆ, ಎನ್. ಶಾಂತಕುಮಾರಿ.

ಅವರ ಆಫೀಸಿನಲ್ಲೇ ಕೆಲಸ ಮಾಡುವ ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈಗೆ ಉರಿ ಗೊತ್ತಾಗುವ ಮುಂಚೆ ಒಂದು ಗಳಿಗೆ ಇರುತ್ತದಲ್ಲ, ಅಷ್ಟು ಹೊತ್ತು. ಆಮೇಲೆ ಪುಸ್ತಕ ಮುಚ್ಚಿದರು. ಹೊದಿಕೆ ನೋಡಿದರು. ಮತ್ತೆ ತೆರೆದರು. ಹೆಸರು ಅಲ್ಲೇ ಇತ್ತು. ಇನ್ನೊಂದು ಪ್ರತಿ ತೆರೆದರು, ಮತ್ತೊಂದು. ಕಡೆಗೆ ಕಟ್ಟಿನ ನಡುವಿನಿಂದ ಒಂದನ್ನು ಎಳೆದು ನೋಡಿದರು, ಒಳಗೆಲ್ಲಾದರೂ ಅದು ತಾನಾಗಿ ಸರಿಹೋಗಿರಬಹುದು ಎಂಬಂತೆ.

“ಇದು ನನ್ನದಲ್ಲ ಭಾಯ್,” ಎಂದರು. ದನಿ ಅವರದಾಗಿರಲಿಲ್ಲ. “ಇದು ಆ ಹುಡುಗನದು. ಶರಣಬಸವಂದು.”

ಶರಣಬಸವ ಕೆ.ಆರ್. ಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಜೋಳದ ರೊಟ್ಟಿ ಒತ್ತಿ ಬೇಯಿಸುವ ಯಂತ್ರಗಳನ್ನು ಜೋಡಿಸುವವನು. ಯಾದಗಿರಿ ಕಡೆಯವನು. ಆ ಯಂತ್ರದ ಜೊತೆ ಹೋಗುತ್ತಿದ್ದ ಇಂಗ್ಲಿಷ್ ಹಾಳೆಗಳನ್ನು ಓದಲಾಗದೆ ಅವನ ಊರಿನ ಸಂಘದ ಹೆಂಗಸೊಬ್ಬಳು ಬಿಸಿ ತಟ್ಟೆಯ ಮೇಲೆ ಅಂಗೈ ಇಟ್ಟಿದ್ದಳು. ಆ ಸುದ್ದಿ ಕೇಳಿದ ಮೇಲೆ ಅವನು ತಾನೇ ಕನ್ನಡದಲ್ಲಿ ಕೈಪಿಡಿ ಬರೆಯಲು ಕೂತ. ಶಿಫ್ಟ್ ಮುಗಿಸಿ ಬರೆದ, ಹರಿದ, ಮತ್ತೆ ಬರೆದ. ಅವನು ಕೇಳಿಕೊಂಡದ್ದು ಒಂದೇ: ಮೊದಲ ಪುಟದಲ್ಲಿ ತನ್ನ ಹೆಸರು ಇರಬೇಕು. ಆ ದಿನ ಸಂಜೆ ಯಂತ್ರಗಳನ್ನೂ ಈ ಪುಸ್ತಕಗಳನ್ನೂ ಹೊತ್ತು ಲಾರಿ ಅವನ ಸೀಮೆಗೆ ಹೊರಡುವುದಿತ್ತು. ಹೊರಟಮೇಲೆ ಪುಸ್ತಕಗಳು ಹಳ್ಳಿಹಳ್ಳಿಗೆ ಚದುರುತ್ತವೆ, ಮತ್ತೆ ಕೈಗೆ ಸಿಗುವುದಿಲ್ಲ. ಅವನ ಪುಸ್ತಕ ಅವನ ಊರಿಗೇ ಬೇರೆಯವರ ಹೆಸರು ಹೊತ್ತು ಹೋಗುತ್ತಿತ್ತು.

ಶಾಂತಕುಮಾರಿಯಕ್ಕ ಹುಟ್ಟಿದ್ದು ಹಲಸೂರಿನಲ್ಲಿ. ಮನೆಯಲ್ಲಿ ಕನ್ನಡ, ಗೋಡೆಯಾಚೆ ತಮಿಳು, ನಲ್ಲಿಯ ಹತ್ತಿರ ಎರಡೂ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಅಕ್ಕ ಶಿವಾಜಿನಗರದ ಒಂದು ಪ್ರೆಸ್ಸಿಗೆ ಅಚ್ಚಿನ ಮೊಳೆ ಜೋಡಿಸಲು ಸೇರಿದರು. ಮದುವೆ ಕರೆಯೋಲೆ, ಚೀಟಿ ಫಂಡಿನ ರಸೀದಿ, ಉತ್ಸವದ ಕರಪತ್ರ. ಮೊಳೆ ಹೋಗಿ ಕಂಪ್ಯೂಟರು ಬಂದಾಗ ಅದನ್ನೂ ಕಲಿತರು. ಆ ಪ್ರೆಸ್ಸು ಮುಚ್ಚಿದ ಮೇಲೆ ಇಂದಿರಾನಗರದಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ನಮ್ಮ ಆಫೀಸಿಗೆ ಬಂದರು. ನಾವು ಅಲ್ಲಿ ಮಾಡುವುದು ಯಂತ್ರಗಳ ಕೈಪಿಡಿ. ನೀರಿನ ಪಂಪು, ತೂಕದ ಯಂತ್ರ, ಆಸ್ಪತ್ರೆಯ ಮಂಚ. ಯಾರೂ ಆಸೆಪಟ್ಟು ಓದುವ ಪುಸ್ತಕಗಳಲ್ಲ.

ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದರೆ, “ಊರಿನೋರ ಮದುವೆ ಕಾರ್ಡೆಲ್ಲ ನಾನೇ ಜೋಡಿಸ್ಬೇಕಿತ್ತಲ್ಲ, ಪುರುಸೊತ್ತು ಎಲ್ಲಿತ್ತು?” ಎನ್ನುತ್ತಿದ್ದರು. ಈಗಲೂ ಹಲಸೂರಿನಲ್ಲೇ, ತಮ್ಮನ ಸಂಸಾರದ ಜೊತೆ. ಒಮ್ಮೆ ಅವರ ಮನೆಗೆ ಹೋಗಿದ್ದೆ. ಬಾಗಿಲ ಮೇಲಿನ ಫಲಕದಲ್ಲಿ ತಮ್ಮನ ಹೆಸರು, ಅದರ ಕೆಳಗೆ ಅವನ ಹೆಂಡತಿಯದು, ಇಬ್ಬರ ಡಿಗ್ರಿಗಳು. ಫಲಕ ತಯಾರಾಗಿದ್ದು ಅಕ್ಕನ ಕೈಯಲ್ಲಿ. ಅಕ್ಷರಗಳು ಚೆನ್ನಾಗಿದ್ದವು.

ಆಫೀಸಿನಲ್ಲಿ ಮೊದಲ ಪುಟದ ಕೆಲಸ ಯಾವಾಗಲೂ ಅವರದೇ. ನಮ್ಮಲ್ಲಿ ಪುಟಗಳನ್ನು ಕೈಯಿಂದ ಎಳೆದು ಕೂರಿಸುವುದಿಲ್ಲ. ಬರಹದ ನಡುವೆ ಆಜ್ಞೆಗಳನ್ನು ಬರೆಯುತ್ತೇವೆ, ಪ್ರತಿಯೊಂದರ ಮುಂದೆ ಇಮೇಲ್ ವಿಳಾಸದ ನಡುವೆ ಬರುವ ಆ ಸುರುಳಿ ಗುರುತು. ‘ಇಲ್ಲಿಂದ ಶೀರ್ಷಿಕೆ ಪುಟ’ ಎಂದು ಒಂದು ಆಜ್ಞೆ, ‘ಇಲ್ಲಿಗೆ ಮುಗಿಯಿತು’ ಎಂದು ಇನ್ನೊಂದು. ನಡುವೆ ಶೀರ್ಷಿಕೆಗೊಂದು, ಉಪಶೀರ್ಷಿಕೆಗೊಂದು, ಲೇಖಕರ ಹೆಸರಿಗೊಂದು. ಗೆರೆಗಳು ತಾವಾಗಿ ಬರುತ್ತವೆ. ಪುಟ ತಿರುಗಿಸು ಎಂಬ ಆಜ್ಞೆ ಕೊಟ್ಟು, ಹಕ್ಕುಗಳ ಮಾತನ್ನು ಹಿಂಬದಿಯ ಬುಡಕ್ಕೆ ತಳ್ಳಲು ಮತ್ತೊಂದನ್ನು ಬರೆಯಬೇಕು. ಅಕ್ಕ ಅದಕ್ಕೆ ‘ತಳ್ಳು’ ಎಂದೇ ಹೆಸರಿಟ್ಟಿದ್ದರು. “ಅದೊಂದು ಹಾಕಿಲ್ಲಾಂದ್ರೆ ಕಾನೂನು ಮಾತೆಲ್ಲ ನೆತ್ತಿ ಮೇಲೆ ಬಂದು ಕೂತ್ಕೊಳುತ್ತೆ ಕಣೇ, ಮಾವನ ಮನೆಯೋರ ಥರ.”

ಹೀಗೆ ಬರೆದ ಒಂದೇ ಕಡತದಿಂದ ಕಾಗದದ ಪುಸ್ತಕವೂ ಹೊರಡುತ್ತದೆ, ಫೋನಿನಲ್ಲಿ ಓದುವ ರೂಪವೂ ಹೊರಡುತ್ತದೆ. ಆದರೆ ಶೀರ್ಷಿಕೆ ಪುಟದ ಎರಡು ಆಜ್ಞೆಗಳ ನಡುವೆ ಇರುವುದೆಲ್ಲ ಕಾಗದಕ್ಕೆ ಮಾತ್ರ. ಫೋನಿನ ಮೊದಲ ಪುಟಕ್ಕೆ ಬೇರೆ ಜಾಗದಲ್ಲಿ ಬೇರೆಯಾಗಿ ಬರೆಯಬೇಕು. ಫೋನಿನಲ್ಲಿ ಎಷ್ಟು ಸಲ ಮೇಲೆ ಕೆಳಗೆ ಸರಿಸಿದರೂ ಕಾಗದದ ಮೊದಲ ಪುಟ ಕಾಣಿಸುವುದಿಲ್ಲ.

ಕಂಪನಿಗಳ ಕೈಪಿಡಿಯಲ್ಲಿ ಲೇಖಕರ ಹೆಸರು ಇರುವುದಿಲ್ಲ. ಯಂತ್ರ ಕಂಪನಿಯದು, ಮಾತೂ ಕಂಪನಿಯದೇ. ಆದರೂ ಅಕ್ಕ ಪ್ರತಿ ಪುಟವನ್ನು ಕಟ್ಟುವಾಗ ಲೇಖಕರ ಸಾಲೊಂದನ್ನು ಹಾಕುತ್ತಿದ್ದರು. ಬುಡದಲ್ಲಿ ಏನಾದರೂ ಕೂತರೆ ಮಾತ್ರ ಮೇಲಿನ ಶೀರ್ಷಿಕೆಯ ತೂಕ ತಿಳಿಯುತ್ತದೆ ಎನ್ನುತ್ತಿದ್ದರು. ಬೇರೆಯವರು ಅಂಥ ಕಡೆ ‘ಕಖಗಘ’ ಎಂದು ಬರೆದು ನೋಡುತ್ತಾರೆ. ಅಕ್ಕ ತಮ್ಮ ಹೆಸರು ಬರೆಯುತ್ತಿದ್ದರು. ಪುಟವನ್ನು ಪರದೆಯ ಮೇಲೆ ಪೂರ್ತಿ ಹಿಗ್ಗಿಸಿ, ಕುರ್ಚಿ ಹಿಂದಕ್ಕೆ ಸರಿಸಿ, ಕನ್ನಡಕ ಎತ್ತಿ ನೋಡುತ್ತಿದ್ದರು. ಆಮೇಲೆ ಆ ಸಾಲನ್ನು ಇಡಿಯಾಗಿ ಅಳಿಸುತ್ತಿದ್ದರು. ಅಳಿಸಿಯೇ ಕಡತ ಪ್ರೆಸ್ಸಿಗೆ ಹೋಗುತ್ತಿತ್ತು. ಅದು ಅವರ ಕೈಯ ಪದ್ಧತಿ. ಕಸ ಗುಡಿಸಿ ಬಾಗಿಲಿಗೆ ನೀರು ಹಾಕುವಷ್ಟು ಸಹಜ.

ಈ ಸಲ ಆ ಸಾಲು ಉಳಿಯಬೇಕಿತ್ತು. ವರ್ಕ್‌ಶಾಪಿನ ಮಾಲೀಕ ಭಾರ್ಗವ್ ಬಹಳ ದಿನ ಎಳೆದಾಡಿ ಕಡೆಗೆ, “ಆಯ್ತು, ಅವನ ಹೆಸರು ಹಾಕಿ ಮೇಡಂ, ನಮ್ ಗಂಟೇನು ಹೋಗುತ್ತೆ,” ಎಂದು ಒಪ್ಪಿದ್ದರು. ಅಕ್ಕ ಸಂತೋಷದಿಂದ ಫೋನಿನ ರೂಪದಲ್ಲಿ ಶರಣಬಸವನ ಹೆಸರು ಬರೆದು ಅವನಿಗೆ ಕಳಿಸಿದರು. “ಬಂತ್ರಿ ಮೇಡಂ, ನೋಡ್ದೆ,” ಎಂದು ಅವನಿಂದ ಉತ್ತರ ಬಂತು. ಅವನು ಶಿಫ್ಟಿನ ಮನುಷ್ಯ. ಎಲ್ಲವನ್ನೂ ಫೋನಿನಲ್ಲೇ ಓದಿ ತಿದ್ದಿದ್ದ. ಕಾಗದದ ಪ್ರೂಫ್ ಬೇಡ ಎಂದಿದ್ದ. ಅವನೂ ನೋಡಿದ, ಅಕ್ಕನೂ ನೋಡಿದರು, ಇಬ್ಬರೂ ನೋಡಿದ್ದು ಫೋನನ್ನು. ಕಾಗದದ ಕಡೆ ಇದ್ದ ಸಾಲನ್ನು ಈ ಸಲ ಅಳಿಸುವುದಿರಲಿಲ್ಲವಾದ್ದರಿಂದ ಅಕ್ಕ ಅದರ ಹತ್ತಿರ ಹೋಗಲೇ ಇಲ್ಲ, ಅಲ್ಲಿದ್ದ ತಮ್ಮ ಹೆಸರು ಹಾಗೇ ಉಳಿಯಿತು.

ಹಾಶಿಮ್ ಭಾಯ್ ಅಂಗಡಿಯಲ್ಲಿ ನಿಂತುಕೊಂಡೇ ಇದೆಲ್ಲ ಅವರಿಗೆ ಹೊಳೆಯಿತು. ಹೊಳೆದದ್ದು ನನಗೆ ಕಾಣಿಸಿತು. ಅವರು ಗೋಂದಿನ ಡಬ್ಬಿಯ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು.

“ಅಳಿಸ್ಲಿಲ್ಲ ಕಣೇ,” ಎಂದರು. “ಅಳಿಸೋ ಸಾಲಲ್ಲ ಅಂತ ಅಳಿಸ್ಲಿಲ್ಲ.”

“ವರ್ಕ್‌ಶಾಪಿನೋರು ನೋಡೋ ಮುಂಚೆ ಸರಿ ಮಾಡೋಣ ಅಕ್ಕ,” ಎಂದೆ.

ಹಾಶಿಮ್ ಭಾಯ್ ತಲೆ ಕೆರೆದುಕೊಂಡರು. “ಒಂದು ಕಟ್ಟು ನಿನ್ನೆ ಸಾಯಂಕಾಲಾನೇ ಕೆ.ಆರ್. ಪುರಂಗೆ ಹೋಯ್ತಲ್ಲಮ್ಮ. ಅವರದೇ ಗಾಡಿ ಬಂದಿತ್ತು.”

ಹೇಳಿ ಮುಗಿಸುವಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಭಾರ್ಗವ್. ಅವರ ಮಾತು ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

“ಏನ್ ಮೇಡಂ ಮಾಡಿದೀರ? ಶರಣ ಬೆಳಿಗ್ಗೆ ಬಂದ, ಬುಕ್ ತೆಗೆದ, ಮೇಜಿನ ಮೇಲಿಟ್ಟ. ಟೂಲ್ ಬಾಕ್ಸಿಗೆ ಬೀಗ ಹಾಕ್ಕೊಂಡು ಹೊರಟೇ ಹೋದ. ಒಂದು ಮಾತಿಲ್ಲ. ನಾನೇ ದುಡ್ಡಿಗೆ ಬುಕ್ ಮಾರ್ಕೊಂಡೆ ಅಂತ ತಿಳ್ಕೊಂಡಿರ್ಬೇಕು ಮಾರಾಯ್ರೆ! ಸಂಜೆ ಲಾರಿ ಹೋಗ್ಬೇಕು, ಒಂದು ಮಿಷನ್ನೂ ಟೆಸ್ಟ್ ಆಗಿಲ್ಲ. ಮತ್ತೆ ಯಾರ್ರೀ ಈ ಎನ್. ಶಾಂತಕುಮಾರಿ?”

“ನಾನೇ,” ಎಂದರು ಅಕ್ಕ.

ಆ ಕಡೆಯಿಂದ “ನೀವಾ?” ಎಂದಷ್ಟೇ ಕೇಳಿಸಿತು. ಭಾರ್ಗವ್‌ಗೆ ಇಷ್ಟು ದಿನ ಅವರ ಪೂರ್ತಿ ಹೆಸರು ಗೊತ್ತಿರಲಿಲ್ಲ. ಮೇಡಂ ಎಂದಷ್ಟೇ ಗೊತ್ತಿತ್ತು.

ಹಾಶಿಮ್ ಭಾಯ್ ಉಪಾಯ ಹೇಳಿದರು. “ಸ್ಟಿಕ್ಕರ್ ಹೊಡ್ಸಿ ಮೇಲೆ ಅಂಟಿಸಿಬಿಡೋಣ ಅಕ್ಕಾ. ಎಷ್ಟೊತ್ತಿನ ಕೆಲ್ಸ?”

“ಬೆಳಕಿಗೆ ಹಿಡಿದ್ರೆ ಕೆಳಗಿನ ಹೆಸರು ಕಾಣುತ್ತೆ ಭಾಯ್. ಹಾಳೇನೇ ತೆಗೀಬೇಕು.” ಎದ್ದು ನಿಂತು ಸೆರಗು ಸರಿಮಾಡಿಕೊಂಡರು. “ಅದಕ್ಕೆ ಮುಂಚೆ ಅವನನ್ನ ನೋಡ್ಬೇಕು. ಲ್ಯಾಪ್‌ಟಾಪ್ ತಂದಿದ್ದೀಯಲ್ಲ? ಬಾ.”

ಆಟೋ ಹಲಸೂರು ದಾಟಿ ಹಳೆ ಮದ್ರಾಸ್ ರಸ್ತೆಗೆ ಬಿತ್ತು. ಅಕ್ಕ ತಮ್ಮ ಮನೆಯ ಬೀದಿ ಬಂದಾಗಲೂ ಆ ಕಡೆ ತಿರುಗಲಿಲ್ಲ. ಮಡಿಲಲ್ಲಿ ಪುಸ್ತಕ ಬೋರಲಾಗಿತ್ತು. ದಾರಿಯುದ್ದಕ್ಕೂ ಒಮ್ಮೆ ಮಾತ್ರ ಮಾತಾಡಿದರು.

“ಭಾಯ್ ಮುಬಾರಕ್ ಅಂದಾಗ, ನಂಗೆ ಒಂದು ಸಲ…” ಎಂದು ಶುರುಮಾಡಿ, ಮುಂದಿನದನ್ನು ನುಂಗಿಕೊಂಡರು.

ಬೈಯಪ್ಪನಹಳ್ಳಿಯ ರೈಲು ಹಳಿಯ ಬದಿಯಲ್ಲಿ ತಗಡಿನ ಮಾಡಿನ ರೂಮುಗಳು ಸಾಲಾಗಿ ಇದ್ದವು. ಭಾರ್ಗವ್ ಹೇಳಿದ್ದ ಗುರುತು ಹಿಡಿದು ಬಾಗಿಲ ಮುಂದೆ ನಿಂತಾಗ, ಅಲ್ಲಿ ಕಾಳು ಆರಿಸುತ್ತಿದ್ದ ಹಿರಿಯ ಹೆಂಗಸು ತಲೆಯೆತ್ತಿದರು. ಶರಣಬಸವನ ತಾಯಿ, ಭೀಮಬಾಯಿ.

“ಶರಣನ ಕಡಿ ಬಂದೀರೇನು? ಬರ್ರಿ ಯವ್ವಾ. ಮುಂಜಾನಿಂದ ತುತ್ತು ಮುಟ್ಟಿಲ್ಲ, ಗ್ವಾಡಿ ಕಡಿ ಮುಖ ಮಾಡಿ ಕುಂತಾನ. ನೀವರ ಕೇಳ್ರಿ ಏನಾಗ್ಯದ ಅಂತ.”

ಅವನು ಒಳಗೆ ಚಾಪೆಯ ಮೇಲೆ ಕೂತಿದ್ದ. ಅಕ್ಕನನ್ನು ನೋಡಿ ಎದ್ದ. ಎದ್ದದ್ದು ಗೌರವದ ಅಭ್ಯಾಸದಿಂದ. ಮುಖ ಗಟ್ಟಿಯಾಗೇ ಇತ್ತು.

“ನೀವ್ಯಾಕ ಬಂದ್ರಿ ಮೇಡಂ? ಪುಸ್ತಕ ನಿಮ್ದಾತಲ್ಲ. ನಿಮ್ಮ ಮೆಸೇಜಿನ ಮ್ಯಾಲೂ ಇದೇ ಹೆಸರು ಬರ್ತದ.”

“ತಪ್ಪಾಗಿದೆ ಶರಣಬಸವ. ನನ್ನಿಂದ. ಭಾರ್ಗವ್ ಅವರದೇನೂ ಇಲ್ಲ ಇದ್ರಲ್ಲಿ.”

“ತಪ್ಪಂದ್ರ ಒಂದು ಚಿತ್ರ ತಲಿಕೆಳಗ ಆಗಿರ್ತದ್ರಿ. ಒಂದು ಪುಟ ಹಿಂದ ಮುಂದ ಆಗಿರ್ತದ. ಪೂರಾ ಒಬ್ಬ ಮನಷ್ಯಾನ ಎಬ್ಬಿಸಿ ಅವನ ಜಾಗಾದಾಗ ಇನ್ನೊಬ್ರು ಕುಂತ್ರ, ಅದಕ್ಕೂ ತಪ್ಪು ಅಂತಾರೇನು?”

ಭೀಮಬಾಯಿ ನಮಗೆಂದು ನೀರು ತುಂಬಿದ ಚೊಂಬು ಹಿಡಿದು ಬಾಗಿಲಲ್ಲೇ ನಿಂತರು. “ಯಾರು ಕುಂತಾರ? ಎಲ್ಲಿ ಕುಂತಾರ?”

“ಪುಸ್ತಕದಾಗ ನನ್ನ ಹೆಸರಿಲ್ಲಬೇ. ಈ ಮೇಡಂ ಅವ್ರ ಹೆಸರದ.”

ಚೊಂಬು ಅಲ್ಲೇ ನಿಂತಿತು. ಭೀಮಬಾಯಿ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದರು, ಸಂತೆಯಲ್ಲಿ ಕಾಲುಂಗುರ ಕದ್ದವಳನ್ನು ನೋಡುವಂತೆ.

“ಮಂದಿ ಕೂಸಿಗಿ ನಿನ್ನ ಹೆಸರಿಟ್ಟಿಯೇನವ್ವಾ?”

ಅಕ್ಕ ಕೈಯಲ್ಲಿದ್ದ ಪುಸ್ತಕವನ್ನು ಚಾಪೆಯ ಮೇಲಿಟ್ಟರು.

“ಒಂದೊಂದು ಮಾತೂ ನನ್ನ ಮುಂದ ಓದ್ಯಾನ ಅಂವ. ಐತವಾರ ವರ್ಕಶಾಪಿಗಿ ಕರ್ಕೊಂಡು ಹೋಗಿ, ಮಶಿನ್ ಮುಂದ ನಿಲ್ಲಿಸಿ, ಓದಿ ಓದಿ ನನ್ನ ಕಡಿಂದ ರೊಟ್ಟಿ ಮಾಡ್ಸ್ಯಾನ. ತಿಳೀಲಿಲ್ಲಪಾ ಅಂದ್ರ ಆ ಹಾಳಿ ಹರದು ಮತ್ತ ಬರದಾನ. ಊರಾಗ ಎಲ್ಲಾರ್ಗೂ ಹೇಳೀನಿ ನಾ, ನನ್ನ ಮಗನ ಪುಸ್ತಕ ಬರ್ತದ ಅಂತ.” ಉಸಿರು ತೆಗೆದುಕೊಂಡು ಚೊಂಬು ಮುಂದೆ ಚಾಚಿದರು. “ಹಿಡಿ, ಕುಡಿ. ಬಿಸಲಾಗ ಬಂದೋರಿಗಿ ನೀರು ಕೊಡಲಾರದ ಮನಿ ಅಲ್ಲ ಇದು.”

ಅಕ್ಕ ಕುಡಿದರು. ನನ್ನ ಕೈಯಿಂದ ಲ್ಯಾಪ್‌ಟಾಪ್ ತೆಗೆದುಕೊಂಡು ಚಾಪೆಯ ಮೇಲೆ ಕೂತು ಕಡತ ತೆರೆದರು. ಅವನಿಗೆ ಸಾಲುಗಳನ್ನು ತೋರಿಸಿದರು. ಇಲ್ಲಿಂದ ಇಲ್ಲಿಯವರೆಗೆ ಕಾಗದಕ್ಕೆ ಮಾತ್ರ. ಇದು ಫೋನಿನದು, ಇಲ್ಲಿ ನಿನ್ನ ಹೆಸರಿದೆ ನೋಡು. ಇದು ನಾನು ಅಳತೆಗೆ ಹಾಕಿಕೊಳ್ಳುವ ಸಾಲು. ಶರಣಬಸವ ಬಗ್ಗಿ ನೋಡಿದ. ಅವನು ಯಂತ್ರದ ಮನುಷ್ಯ, ಯಾವ ಹಲ್ಲು ಯಾವ ಚಕ್ರಕ್ಕೆ ಕೂಡುತ್ತದೆ ಎಂಬುದು ಅವನಿಗೆ ಬೇಗ ತಿಳಿಯುತ್ತದೆ. ಬೆರಳಿಟ್ಟು ತಾನೇ ಒಮ್ಮೆ ಮೇಲಿಂದ ಕೆಳಗೆ ಓದಿಕೊಂಡ.

“ತಿಳೀತ್ರಿ. ಫೋನಿನ್ಯಾಗ ನನಗ ಕಾಣಂಗಿದ್ದಿಲ್ಲ. ನೀವು ಕೆಟ್ಟದ್ದು ಮಾಡಬೇಕಂತ ಮಾಡಿಲ್ಲ. ಅದೂ ತಿಳೀತು.” ಬೆರಳು ಆ ಸಾಲಿನ ಮೇಲೇ ಇತ್ತು. “ಆದ್ರ ಅಳತಿಗಿ ನಿಮ್ಮ ಹೆಸರೇ ಯಾಕ್ರಿ? ಬ್ಯಾರೆ ಏನರ ಹಾಕಬಹುದಿತ್ತು. ದೇವರ ಹೆಸರು ಹಾಕಬಹುದಿತ್ತು.”

ಹಳಿಯ ಮೇಲೆ ರೈಲು ಬಂತು. ತಗಡು ನಡುಗಿತು. ಅದು ಹೋಗುವ ತನಕ ಅಕ್ಕನಿಗೆ ಬಿಡುವು ಸಿಕ್ಕಿತು. ತೂಕ, ಅಳತೆ, ಬುಡದ ಬಿಳುಪು ಎಂದು ನನಗೆ ಹೇಳುತ್ತಿದ್ದದ್ದನ್ನೇ ಅವನಿಗೂ ಹೇಳುತ್ತಾರೆ ಎಂದುಕೊಂಡೆ.

“ನೋಡೋಕೆ ಚೆನ್ನಾಗಿರ್ತಿತ್ತಪ್ಪ,” ಎಂದರು ಅಕ್ಕ.

ಹೇಳಿದವರೇ ಬೆಚ್ಚಿದರು. ಬಾಯಿಗೆ ಕೈ ಹೋಯಿತು. ಅಷ್ಟು ವರ್ಷ ಆ ಸಾಲನ್ನು ಬರೆದು ಅಳಿಸಿದವರು ಅದರ ಕಾರಣವನ್ನು ಅದೇ ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದರು, ಅದೂ ತಮ್ಮದೇ ಬಾಯಿಂದ, ಗುರುತಿಲ್ಲದವರ ಮನೆಯಲ್ಲಿ.

“ಒಂದು ಗಳಿಗೆ ನೋಡೋದು, ಅಳಿಸೋದು,” ಎಂದರು ಮತ್ತೆ, ಮೆಲ್ಲಗೆ. “ಪ್ರತಿ ಸಲ ಅಳಿಸಿದೀನಿ.”

ಶರಣಬಸವ ಪರದೆಯಿಂದ ಬೆರಳು ತೆಗೆದ. ಅವನ ಸಿಟ್ಟು ಇಳಿಯಿತು ಎಂದು ನನಗೆ ಅನಿಸಿತು. ಹಾಗಾಗಿರಲಿಲ್ಲ.

“ಹಂಗಂದ್ರ ನಿಮಗ ಗೊತ್ತದ,” ಎಂದ. “ಅಲ್ಲಿ ಹೆಸರು ಕುಂತ್ರ ಹ್ಯಾಂಗ ಅನಸ್ತದ ಅಂತ ನಿಮಗ ಗೊತ್ತದ. ಗೊತ್ತಿದ್ದೂ…”

ಭೀಮಬಾಯಿ ಮೊರದಲ್ಲಿದ್ದ ಕಾಳನ್ನು ಸುಮ್ಮನೆ ಕುಲುಕಿದರು.

ಕಡೆಗೆ ಅಕ್ಕ ಕೇಳಿದರು. “ಹೆಸರು ಹೇಗೆ ಹಾಕ್ಲಿ? ಅಪ್ಪನ ಹೆಸರು, ಊರಿನ ಹೆಸರು, ಹೇಗೆ ಬೇಕು ಹೇಳು. ಸಂಜೆ ಒಳಗೆ ಹಾಳೆ ಬದಲಾಯಿಸ್ತೀನಿ. ಒಂದು ಪ್ರತೀನೂ ಬಿಡಲ್ಲ.”

“ಶರಣಬಸವ ಅಂತ ಸಾಕು.” ಯೋಚಿಸಿದ. “ಕೆಳಗ ಮೆಕ್ಯಾನಿಕ್ ಅಂತ ಬರೀರಿ. ಇಲ್ಲಂದ್ರ ಊರಾಗ ಯಾರೋ ಮಾಸ್ತರ ಬರದಾನ ಅಂತ ತಿಳ್ಕೋತಾರ, ಭಯಕ್ಕ ಓದಂಗಿಲ್ಲ.”

ಅಕ್ಕ ತಮ್ಮ ಹೆಸರಿನ ಮುಂದೆ ಕರ್ಸರ್ ಇಟ್ಟು ಒಂದೊಂದೇ ಅಕ್ಷರವಾಗಿ ಅಳಿಸಿದರು. ಅವನದನ್ನು ಬರೆದರು. ಕಾಗದಕ್ಕೆ ಹೋಗುವ ಪುಟವನ್ನೇ ತೆರೆದು ಪರದೆಯನ್ನು ಅವನ ಕಡೆ ತಿರುಗಿಸಿದರು. ಅವನು ನೋಡಿ ತಲೆಯಾಡಿಸಿದ. ನಾನು ಅಲ್ಲಿಂದಲೇ ಆ ಎರಡು ಪುಟಗಳನ್ನು, ಎದುರಿನದು ಹಿಂಬದಿಯದು, ಶಿವಾಜಿನಗರದ ಡಿಜಿಟಲ್ ಪ್ರಿಂಟಿನ ಅಂಗಡಿಗೆ ಕಳಿಸಿದೆ.

ಶರಣಬಸವ ಚಪ್ಪಲಿ ಮೆಟ್ಟಿದ. “ಮಶಿನ್ ಟೆಸ್ಟ್ ಮಾಡಾಕ ಹೊಂಟೆ. ನಿಮ್ಮ ಸಲುವಾಗಿ ಅಲ್ಲ. ಅಲ್ಲಿ ಹೆಣ್ಮಕ್ಕಳು ಕೈ ಇಡ್ತಾರ ಅದರಾಗ.”

ಮಧ್ಯಾಹ್ನವಿಡೀ ನಾವು ಹಾಳೆ ಕತ್ತರಿಸಿದೆವು. ಪಿನ್ನು ಹೊಡೆದ ಮಡಿಕೆಯ ಹತ್ತಿರ ಬೆರಳಗಲ ಅಂಚು ಬಿಟ್ಟು ಕತ್ತರಿಸಬೇಕು, ಇಲ್ಲದಿದ್ದರೆ ಪಿನ್ನಿನಾಚೆ ಅದಕ್ಕೇ ಸೇರಿಕೊಂಡಿರುವ ಕಡೇ ಹಾಳೆಯೂ ಕಳಚಿ ಬರುತ್ತದೆ ಎಂದು ಹಾಶಿಮ್ ಭಾಯ್ ತೋರಿಸಿಕೊಟ್ಟರು. ಆ ಅಂಚಿಗೆ ಹೊಸ ಹಾಳೆ. ನಾನು ಗೋಂದು ಹಚ್ಚಿದೆ, ಭಾಯ್ ಅಂಟಿಸಿ ಒತ್ತಿದರು, ಬ್ಲೇಡು ಮಾತ್ರ ಅಕ್ಕನ ಕೈಯಲ್ಲಿತ್ತು. ಬೇರೆ ಯಾರಿಗೂ ಕೊಡಲಿಲ್ಲ. ತೆರೆಯುವುದು, ಅಡಿಪಟ್ಟಿ ಇಡುವುದು, ಎಳೆಯುವುದು. ಒಂದೊಂದು ಸಲವೂ ಅವರ ಹೆಸರು ಸಣ್ಣಗೆ ಸದ್ದು ಮಾಡಿ ಪುಸ್ತಕದಿಂದ ಬೇರೆಯಾಗುತ್ತಿತ್ತು. ಪಕ್ಕದಲ್ಲಿ ರಾಶಿ ಬೆಳೆಯಿತು. ಒಂದರ ಮೇಲೊಂದು, ಎಲ್ಲದರಲ್ಲೂ ಅದೇ ಹೆಸರು, ಅದೇ ತೆಳು ಗೆರೆ.

ಅಚ್ಚು ಚೆನ್ನಾಗಿ ಬಂದಿತ್ತು. ಅದನ್ನು ಒಪ್ಪಲೇಬೇಕು.

“ಒಂದು ಇಟ್ಕೊಳ್ಳಿ ಅಕ್ಕಾ,” ಎಂದರು ಹಾಶಿಮ್ ಭಾಯ್, ತಲೆ ಎತ್ತದೆ. “ಯಾರಿಗೆ ಗೊತ್ತಾಗುತ್ತೆ?”

ಅಕ್ಕನ ಬ್ಲೇಡು ನಿಂತಿತು. ನಾನು ಗೋಂದಿನ ಕಡೆ ನೋಡಿದೆ, ಅವರ ಕಡೆ ನೋಡಬಾರದು ಅನಿಸಿತು.

“ಆ ಹುಡುಗ ತನ್ನ ಹೆಸರು ನೋಡ್ಬೇಕು ಅಂತ ಕಾದು, ಇದನ್ನ ನೋಡಿದಾನೆ ಭಾಯ್,” ಎಂದರು. “ಕಟಿಂಗ್ ಮಿಷನ್ನಿಗೆ ಕೊಡಿ.”

ಹಾಶಿಮ್ ಭಾಯ್ ರಾಶಿಯನ್ನು ಯಂತ್ರದ ಕೆಳಗೆ ಇಟ್ಟು ಹಿಡಿ ಎಳೆದರು. ದಪ್ಪ ಸದ್ದು. ಅಕ್ಕ ಮುಂದಿನ ಪುಸ್ತಕ ತೆರೆದರು.

ನಾವು ಕೆ.ಆರ್. ಪುರ ಮುಟ್ಟಿದಾಗ ಲಾರಿ ವರ್ಕ್‌ಶಾಪಿನ ಮುಂದೆ ಬಾಗಿಲು ತೆರೆದು ನಿಂತಿತ್ತು. ಯಂತ್ರಗಳು ಗೋಣಿತಾಟು ಸುತ್ತಿಕೊಂಡು ಒಳಗೆ ಕೂತಿದ್ದವು. ಭಾರ್ಗವ್ ಓಡಿ ಬಂದು ಕಟ್ಟುಗಳನ್ನು ಇಳಿಸಿಕೊಂಡರು, ಮುಂಚೆಯೇ ಬಂದಿದ್ದ ಕಟ್ಟನ್ನು ನಮ್ಮ ಕೈಗೆ ಕೊಟ್ಟರು. ಅದರ ಹಾಳೆಗಳನ್ನೂ ಅಕ್ಕ ಅಲ್ಲೇ ನೆಲದ ಮೇಲೆ ಕೂತು ಕತ್ತರಿಸಿದರು, ನಾನು ಹೊಸದನ್ನು ಅಂಟಿಸಿದೆ.

“ಮೇಡಂ, ಮುಂದಿನ ಸಲ ಅಳತೆಗೆ ನನ್ ಹೆಸರು ಹಾಕಿ, ಯಾರೂ ಜಗಳಕ್ಕೆ ಬರಲ್ಲ,” ಎಂದರು ಭಾರ್ಗವ್. ಯಾರೂ ನಗಲಿಲ್ಲ. ಅವರೇ ಒಂದಿಷ್ಟು ನಕ್ಕು ಡ್ರೈವರ್ ಕಡೆ ಹೋದರು.

ಭೀಮಬಾಯಿ ಇಳಕಲ್ ಸೀರೆ ಉಟ್ಟು ಬಂದಿದ್ದರು, ಲಾರಿ ಕಳಿಸಲು. ಶರಣಬಸವ ಕೈಗೆ ಮೆತ್ತಿದ ಗ್ರೀಸನ್ನು ಒರೆಸಿಕೊಂಡು ಒಂದು ಪ್ರತಿ ಎತ್ತಿದ. ಮೊದಲ ಹಾಳೆ ತೆರೆದ. ಹೆಸರನ್ನು ನೋಡಿದ. ಆಮೇಲೆ ಹೆಬ್ಬೆರಳಿನಿಂದ ಹಾಳೆಯ ಒಳ ಅಂಚನ್ನು ಸವರಿದ. ಅಲ್ಲಿ ಗೋಂದಿನ ಸಣ್ಣ ದಿಣ್ಣೆ ಇತ್ತು.

“ಬಂತ್ರಿ,” ಎಂದ. ತುಸು ತಡೆದು, “ಆದ್ರ ಮೊದಲನೇ ಸಲ ತಗದು ನೋಡಿದ್ದು, ಅದನ್ನ ಅಂಟಸಾಕ ಬರಂಗಿಲ್ಲ ನೋಡ್ರಿ.”

“ಬರಲ್ಲ,” ಎಂದರು ಅಕ್ಕ.

ಭೀಮಬಾಯಿ ಮಗನ ತೋಳು ಜಗ್ಗಿದರು. “ಏನು ಬರದದ ಓದಪಾ. ನನಗೇನು ತಿಳೀತದ?”

ಅವನು ಯಂತ್ರದ ಹೆಸರು ಓದಿದ. ಮಹಿಳಾ ಸಂಘಗಳ ಬಳಕೆಗೆ ಎಂದು ಓದಿದ. ಹೆಸರಿನ ಸಾಲು ಬಂದಾಗ ನಿಲ್ಲಿಸಿದ. ಪುಸ್ತಕವನ್ನು ತಾಯಿಯ ಕೈಯಲ್ಲಿಟ್ಟು, ಹಗ್ಗ ಬಿಗಿಯಬೇಕೆಂದು ಗೊಣಗಿ, ಲಾರಿಯ ಹಿಂದಕ್ಕೆ ಹೊರಟುಹೋದ.

ಭೀಮಬಾಯಿ ಪುಸ್ತಕ ಹಿಡಿದು ಸುತ್ತ ನೋಡಿದರು. ನನ್ನನ್ನು ನೋಡಿದರು, ಬಿಟ್ಟರು. ಅಕ್ಕನ ಹತ್ತಿರ ಹೋಗಿ ಚಾಚಿದರು.

“ತಗೋ. ನೀನೇ ಓದು. ಕೆಡಿಸಿದಾಕಿ ನೀನೇ ಹೇಳ್ಬೇಕು.”

ಅಕ್ಕ ಕನ್ನಡಕ ಸರಿಮಾಡಿಕೊಂಡರು. ಆ ಪುಟ ಅವರಿಗೆ ಕಣ್ಣು ಮುಚ್ಚಿಯೂ ಗೊತ್ತಿತ್ತು. ಆದರೂ ಬುಡದ ಆ ಸಾಲಿಗೆ ಬೆರಳಿಟ್ಟು ಓದಿದರು. ಲಾರಿಯ ಎಂಜಿನ್ ಸದ್ದಿನಲ್ಲಿ ಮಾತು ಮುಳುಗಿತು.

“ಕೇಳ್ಲಿಲ್ಲ,” ಎಂದರು ಭೀಮಬಾಯಿ. “ಜೋರಾಗಿ ಓದವ್ವಾ. ನಿನ್ನ ಹೆಸರಿದ್ರ ಹಿಂಗ ಓದ್ತಿದ್ದೇನು?”

ಅಕ್ಕ ಉಸಿರು ತುಂಬಿಕೊಂಡರು.

“ಶರಣಬಸವ,” ಎಂದು ಕೂಗಿದರು. “ಮೆಕ್ಯಾನಿಕ್.”

ಲಾರಿಯ ಹಿಂದಿನಿಂದ, ಹಗ್ಗದ ತುದಿ ಹಿಡಿದುಕೊಂಡೇ, ಅವನು ತಲೆ ಹೊರಗೆ ಹಾಕಿದ.

“ಏನ್ರಿ?”

“ಏನಿಲ್ಲ,” ಎಂದರು ಭೀಮಬಾಯಿ. “ನಿನ್ನ ಕೆಲ್ಸ ಮಾಡು.”